ಪಾಶ್ಚರೈಸರ್ ಉಷ್ಣತೆ ತೂಗಾಡ್ತಿದೆ: ಆಟೋಟ್ಯೂನ್ ಸಾಕಾ, ಕನ್ಸಲ್ಟೆಂಟ್ ಬೇಕಾ? ಅನುಭವ ಇರೋರು ಹೇಳಿ

ಹಾಲಿನ ಘಟಕ, ಅರಸೀಕೆರೆ ಕಡೆ
ಗಂಟೆಗೆ 2,000 ಲೀಟರಿನ ಎಚ್‌ಟಿಎಸ್‌ಟಿ (ಹೆಚ್ಚು ಉಷ್ಣತೆ, ಕಡಿಮೆ ಹೊತ್ತಿನ) ಪಾಶ್ಚರೈಸರ್. ಹಾಲು 72 ಡಿಗ್ರಿಯಲ್ಲಿ 15 ಸೆಕೆಂಡು ಇರಬೇಕು, ಸೆಟ್‌ಪಾಯಿಂಟ್ 74 ಇಟ್ಟಿದ್ದೇವೆ. ಆಟೋಗೆ ಹಾಕಿದರೆ 71ರಿಂದ 77ರವರೆಗೆ ತೂಗಾಡುತ್ತೆ. ಇಳಿದಾಗಲೆಲ್ಲ ಡೈವರ್ಷನ್ ವಾಲ್ವ್ ತಿರುಗಿ ಹಾಲು ಬ್ಯಾಲೆನ್ಸ್ ಟ್ಯಾಂಕಿಗೆ ವಾಪಸ್. ಮ್ಯಾನುಯಲ್‌ನಲ್ಲಿ ಸ್ಥಿರವಾಗಿದೆ. ಉಷ್ಣತೆ ಅಳೆಯೋ ಪಿಟಿ-100 ಸೆನ್ಸರ್, ಹಾಲು ಆ 15 ಸೆಕೆಂಡು ಹರಿಯೋ ಹೋಲ್ಡಿಂಗ್ ಟ್ಯೂಬಿನ ಕೊನೆಯಲ್ಲಿದೆ, ಸ್ಟೀಮ್ ವಾಲ್ವ್ ಬಿಸಿನೀರಿನ ಲೂಪಿನಲ್ಲಿದೆ. ಇರೋ ಕಂಟ್ರೋಲರಿನಲ್ಲೇ ಆಟೋಟ್ಯೂನ್ (ಕಂಟ್ರೋಲರ್ ತಾನೇ ಸೆಟ್ಟಿಂಗ್ ಹುಡುಕೋದು) ಓಡಿಸಲಾ, ಪಿಎಲ್‌ಸಿ (ಪ್ರೋಗ್ರಾಂ ಬರೆಯೋ ದೊಡ್ಡ ಕಂಟ್ರೋಲರ್) ಹಾಕಿಸಲಾ, ಬೆಂಗಳೂರಿಂದ ಯಾರನ್ನಾದರೂ ಕರೆಸಲಾ?

ಪೀಣ್ಯ ಫರ್ನೇಸ್
ಆಟೋಟ್ಯೂನ್ ಅಂದರೆ ನನಗೆ ಇವತ್ತಿಗೂ ಮೈ ಉರಿಯುತ್ತೆ. ನಮ್ಮದು ಹೀಟ್ ಟ್ರೀಟ್‌ಮೆಂಟ್, 60 ಕಿಲೋವ್ಯಾಟ್ ಎಲೆಕ್ಟ್ರಿಕ್ ಫರ್ನೇಸ್, ಹಾರ್ಡನಿಂಗ್ 850 ಡಿಗ್ರಿ. ಕಂಟ್ರೋಲರ್ ಮಾರಿದವನು ಬಂದ, ಖಾಲಿ ಫರ್ನೇಸಿನಲ್ಲಿ ಆಟೋಟ್ಯೂನ್ ಓಡಿಸಿದ, "ಆಯ್ತು ಸಾರ್" ಅಂದು ಬಿಲ್ ಕೊಟ್ಟು ಹೋದ. ಮಾಲು ತುಂಬಿದ ಮೇಲೆ ಆ ನಂಬರ್‌ಗಳು ಯಾವುದಕ್ಕೂ ಬರಲಿಲ್ಲ. ತಣ್ಣಗಿನ ಶಾಫ್ಟುಗಳು ಬಿಸಿಯಾಗೋ ಅಷ್ಟು ಹೊತ್ತೂ ಎರರ್ (ಬೇಕಾದ ಉಷ್ಣತೆಗೂ ಇರೋದಕ್ಕೂ ವ್ಯತ್ಯಾಸ) ಒಂದೇ ಕಡೆ, ಅದನ್ನ ಕೂಡಿಸ್ತಾ ಹೋಗೋ ಇಂಟಿಗ್ರಲ್ ತುಂಬ್ತಾನೇ ಹೋಯ್ತು. 850 ದಾಟಿದರೂ ಔಟ್‌ಪುಟ್ ನೂರರಲ್ಲೇ ನಿಂತಿತ್ತು. 890ಕ್ಕೆ ಹೋಗಿ ಆಮೇಲೆ ಇಳೀತು. ಗಿರಾಕಿ ಚಾರ್ಟ್ ನೋಡಿ ಇಡೀ ಲಾಟ್ ವಾಪಸ್ ಕಳಿಸಿದ. 1 ಲಕ್ಷ 40 ಸಾವಿರ ನನ್ನ ಕೈಯಿಂದ ಹೋಯ್ತು. ಲಾರಿ ಬಾಡಿಗೆ 6,500, ಎರಡೂ ಕಡೆದು ನಂದೇ.

ಹೀಟರಿನ ಕರೆಂಟ್ ಆನ್-ಆಫ್ ಮಾಡೋ ಕಾಂಟ್ಯಾಕ್ಟರ್ ಬಡಿದೂ ಬಡಿದೂ ಪಾಯಿಂಟ್ ಸುಟ್ಟಿದ್ದು ಬೇರೆ ಕಥೆ. ಅದರ ಬದಲು ಬಡಿಯದೆ ಕರೆಂಟ್ ಬಿಡೋ ಥೈರಿಸ್ಟರ್ ಹಾಕಿಸಿದೆ, 52 ಸಾವಿರ, ಫ್ಯೂಸಿಗೆ ಬೇರೆ ದುಡ್ಡು. ಆಮೇಲೆ ಮಾಲು ತುಂಬಿದ ಫರ್ನೇಸಿನಲ್ಲೇ ಕೂತು ಟ್ಯೂನ್ ಮಾಡಿದೆ. ಐ, ಡಿ (ಇಂಟಿಗ್ರಲ್, ಡೆರಿವೇಟಿವ್) ಎರಡೂ ತೆಗೆದು, ಗೇನ್ (ಎರರ್‌ಗೆ ಔಟ್‌ಪುಟ್ ಎಷ್ಟು ಜೋರಾಗಿ ಬದಲಾಗಬೇಕು ಅನ್ನೋದು) ಏರಿಸ್ತಾ ಒಂದೇ ಸಮ ತೂಗೋ ತನಕ ನೋಡಿ, ಆ ತೂಗಾಟದಿಂದ ಸೆಟ್ಟಿಂಗ್ ಕೊಡೋ ಝೀಗ್ಲರ್–ನಿಕೋಲ್ಸ್ ಟೇಬಲ್ ಹಾಕಿ, ಬಂದ ಗೇನನ್ನ ಅರ್ಧಕ್ಕೆ ಇಳಿಸಿದೆ. ಸೆಟ್‌ಪಾಯಿಂಟ್ ನಿಧಾನಕ್ಕೆ ಏರೋ ಹಾಗೆ ರ‍್ಯಾಂಪ್ ಕೊಟ್ಟೆ. ಇವತ್ತಿಗೂ ಪ್ಲಸ್ ಮೈನಸ್ 3 ಡಿಗ್ರಿ ಒಳಗಿದೆ. ಯಾರನ್ನೂ ಕರೆಸಬೇಡಿ.

ಕಂಟ್ರೋಲ್ ಮೇಷ್ಟ್ರು
ಝೀಗ್ಲರ್–ನಿಕೋಲ್ಸ್ 1942ರ ಟೇಬಲ್. ಪ್ರತಿ ಅಲೆಯೂ ಹಿಂದಿನದರ ಕಾಲು ಭಾಗಕ್ಕೆ ಇಳಿದರೆ ಸಾಕು ಎಂಬುದು ಅವರ ಗುರಿ. ಅದು ತೂಗಾಡಲಿಕ್ಕೇ ಮಾಡಿದ ಟ್ಯೂನಿಂಗ್, ಅದಕ್ಕೇ ನೀವು ಅರ್ಧಕ್ಕೆ ಇಳಿಸಬೇಕಾಯಿತು. ಗಿರಾಕಿಯ ಮಾಲು ಒಳಗಿಟ್ಟು ಸಿಸ್ಟಮ್ಮನ್ನು ಸ್ಥಿರತೆಯ ಅಂಚಿಗೆ ತಳ್ಳುವುದು ನನಗೆ ಒಪ್ಪಿಗೆಯಿಲ್ಲ. ಆಟೋಟ್ಯೂನ್ ಮೇಲೂ ನಿಮ್ಮ ಸಿಟ್ಟು ಸರಿಯಲ್ಲ. ಆಟೋಟ್ಯೂನ್‌ಗೆಂದು 1984ರಲ್ಲಿ ಓಸ್ಟ್ರೊಮ್, ಹೆಗ್ಲುಂಡ್ ಕೊಟ್ಟ, ಔಟ್‌ಪುಟ್ಟನ್ನು ಎರಡು ಮಟ್ಟಗಳ ನಡುವೆ ಬದಲಾಯಿಸುವ ರಿಲೇ ವಿಧಾನದಲ್ಲಿ ತೂಗಾಟ ನಾವು ಹಾಕಿದ ಮಿತಿಯೊಳಗೇ ಇರುತ್ತದೆ. ಖಾಲಿ ಫರ್ನೇಸಿನಲ್ಲಿ ಓಡಿಸಿದ್ದು ಮನುಷ್ಯನ ಕೆಲಸ, ವಿಧಾನದ್ದಲ್ಲ.

ನಾನು ಮಾಡಿಕೊಟ್ಟಿದ್ದು ಬಟ್ಟೆಗೆ ಬಣ್ಣ ಹಾಕುವ ಒಂದು ಡೈಯಿಂಗ್ ಘಟಕಕ್ಕೆ. ಮ್ಯಾನುಯಲ್‌ನಲ್ಲಿಟ್ಟು ವಾಲ್ವನ್ನು ಒಮ್ಮೆಗೆ ಇನ್ನೂ 10% ಮಾತ್ರ ತೆರೆದೆ, ಅದೇ ಸ್ಟೆಪ್ ಟೆಸ್ಟ್. ಉಷ್ಣತೆ 6 ಡಿಗ್ರಿ ಏರಿತು, ಅಂದರೆ ಪ್ರಕ್ರಿಯೆಯ ಗೇನ್ 0.6. ಡೆಡ್ ಟೈಮ್ (ವಾಲ್ವ್ ತೆರೆದ ಮೇಲೆ ಉಷ್ಣತೆ ಅಲುಗಾಡಲು ಹಿಡಿಯುವ ಹೊತ್ತು) 20 ಸೆಕೆಂಡು, ಟೈಮ್ ಕಾನ್‌ಸ್ಟಂಟ್ (ಆಮೇಲೆ ಏರಿಕೆಯ ಸುಮಾರು ಮೂರನೇ ಎರಡು ಭಾಗ ಮುಗಿಯುವ ಹೊತ್ತು) 120. ಸ್ಕೊಗೆಸ್ಟಾಡ್ 2003ರಲ್ಲಿ ಕೊಟ್ಟ ನಿಯಮದಂತೆ, ಟ್ಯೂನ್ ಆದ ಮೇಲೆ ಬೇಕಾದ ಟೈಮ್ ಕಾನ್‌ಸ್ಟಂಟನ್ನು ಡೆಡ್ ಟೈಮಿಗೆ ಸಮ ಇಟ್ಟರೆ ಗೇನ್ 5, ಇಂಟಿಗ್ರಲ್ 120 ಸೆಕೆಂಡು. ಡಿ ಬೇಕಾಗಲೇ ಇಲ್ಲ. ಕಾಗದದ ಮೇಲೆ ಬಂದ ನಂಬರ್ ಹಾಕಿದೆ, ಮುಟ್ಟದೆ ಬಿಟ್ಟೆ, ಬಟ್ಟೆಯ ಬಣ್ಣದ ಶೇಡ್ ದೂರು ನಿಂತಿತು. ಮಾಲೀಕರು ಹೊಗಳಿದ್ದು ಮಾತ್ರ ಕಂಟ್ರೋಲ್ ಪ್ಯಾನೆಲ್ ಜೋಡಿಸಿದವನನ್ನು. ಆ ನೋವು ಇನ್ನೂ ಇದೆ.

ಮಿಲ್ಲಿನ ಇನ್‌ಸ್ಟ್ರುಮೆಂಟ್
ಎಲ್ಲಾರೂ ನಂಬರ್ ಹೇಳಾಕತ್ತೀರಿ, ವಾಲ್ವ್ ಯಾರರ ನೋಡೀರೇನು? ನಮ್ಮ ಕಾಗದದ ಮಿಲ್ಲಿನ್ಯಾಗ ಸ್ಟೀಮ್ ಪ್ರೆಶರ್ ಲೂಪ್ ಹಿಂಗ ತೂಗಾಡತಿತ್ತು. ಕನ್ಸಲ್ಟೆಂಟ್ ಕರಸಿದ್ರು. ಫೀ 38 ಸಾವಿರ, ಕಾರು, ಲಾಡ್ಜು, ಊಟ ಎಲ್ಲಾ ಕಂಪನಿ ಲೆಕ್ಕ. ಲ್ಯಾಪ್‌ಟಾಪ್ ತಗದು ಬೋಡೆ ಪ್ಲಾಟ್ ಅನ್ನೂ ಗ್ರಾಫ್ ತೋರಿಸಿದ, ಫೇಸ್ ಮಾರ್ಜಿನ್ (ತೂಗಾಟದ ಅಂಚಿಗೆ ಇರೂ ಅಂತರ) 55 ಡಿಗ್ರಿ ಅಂದ, ಗೇನ್ ಇಳಿಸಿದ, ಇಂಟಿಗ್ರಲ್ ನಿಧಾನ ಮಾಡಿದ. ತೂಗಾಟ ನಿಧಾನ ಆತು, ನಿಂದ್ರಲಿಲ್ಲ. ಅಂವ ಹೋದ ಮ್ಯಾಲೆ ನಾನು ಕೈಯಿಂದ ಔಟ್‌ಪುಟ್ ಒಂದೊಂದು ಪರ್ಸೆಂಟ್ ಏರಿಸಿ ವಾಲ್ವಿನ ಸ್ಟೆಮ್ (ಕಡ್ಡಿ) ನೋಡಿದೆ. ಮೂರು ಪರ್ಸೆಂಟ್ ತನಕ ಅಲ್ಲಾಡವಲ್ದು, ನಾಲ್ಕಕ್ಕ ಒಮ್ಮೆಲೇ ಜಿಗೀತು. ಸ್ಟೆಮ್ ಸುತ್ತಿನ ಗ್ಲ್ಯಾಂಡ್ ಸೋರತೈತಂತ ಯಾರೋ ಪ್ಯಾಕಿಂಗ್ ಬಿಗಿ ಮಾಡಿ ಹೋಗಿದ್ರು. ಗ್ರಾಫೈಟ್ ಪ್ಯಾಕಿಂಗ್ 3,200, ಸ್ಟೆಮ್ ಹೇಳಿದಷ್ಟು ಸರಿಯೂ ಹಂಗ ಮಾಡೂ ಪೊಸಿಷನರ್ 46 ಸಾವಿರ. ಹಳೇ ಸೆಟ್ಟಿಂಗೇ ವಾಪಸ್ ಹಾಕಿದೆ, ಲೂಪ್ ಗೆರಿ ಹೊಡದಂಗ ಆತು. ಸ್ಟಿಕ್ಷನ್ (ಹಿಂಗ ಹಿಡದು ಜಿಗಿಯೂದು) ಇದ್ದ ವಾಲ್ವಿಗೆ ಯಾವ ಟ್ಯೂನಿಂಗೂ ಇಲ್ಲ. ಮ್ಯಾನುಯಲ್‌ನ್ಯಾಗ ನಿಂದರತೈತಿ ಅಂದ್ರ ನೂರಕ್ಕ ನೂರು ವಾಲ್ವ್.

ಕಂಟ್ರೋಲ್ ಮೇಷ್ಟ್ರು
ನೂರಕ್ಕೆ ನೂರು ಅನ್ನಬೇಡಿ. ಮ್ಯಾನುಯಲ್‌ನಲ್ಲಿ ನಿಂತರೆ ತೂಗಾಟ ಲೂಪಿನ (ಸೆನ್ಸರ್, ಕಂಟ್ರೋಲರ್, ವಾಲ್ವ್ ಸೇರಿದ ಸುತ್ತಿನ) ಒಳಗೆ ಹುಟ್ಟುತ್ತಿದೆ, ಬಾಯ್ಲರ್ ಒತ್ತಡದಂಥ ಹೊರಗಿನ ಕಾರಣವಲ್ಲ ಎಂದಷ್ಟೇ ಅರ್ಥ. ಟ್ಯೂನಿಂಗ್ ಬಿಗಿಯಾಗಿದ್ದರೂ ಹಾಗೇ ಆಗುತ್ತದೆ. ಸೆನ್ಸರ್ ಹೋಲ್ಡಿಂಗ್ ಟ್ಯೂಬಿನ ಕೊನೆಯಲ್ಲಿದೆ ಎಂದು ಅವರೇ ಬರೆದಿದ್ದಾರೆ. ಆ 15 ಸೆಕೆಂಡು ನೇರವಾಗಿ ಡೆಡ್ ಟೈಮ್. ಅಲೆಯ ಅವಧಿ ಒಂದು ನಿಮಿಷವಾದರೆ ಅದೊಂದೇ ಅಲೆಯ ಕಾಲು ಸುತ್ತು, ಅಂದರೆ 90 ಡಿಗ್ರಿ ಫೇಸ್ ತಿನ್ನುತ್ತದೆ. ಸೆನ್ಸರ್ ಟ್ಯೂಬಿನ ಶುರುವಿಗೆ, ಮುಂದಕ್ಕೆ ತರಲಿ.

ಡೇರಿ ಕ್ವಾಲಿಟಿ
ಯಾರೂ ಆ ಸೆನ್ಸರ್ ಮುಟ್ಟಬೇಡಿ! ಡೈವರ್ಷನ್ನಿಗೆ ಹೋಗೋ ಸೆನ್ಸರ್ ಟ್ಯೂಬಿನ ಕೊನೆಯಲ್ಲೇ ಇರಬೇಕು. 15 ಸೆಕೆಂಡು ಮುಗಿದ ಮೇಲೂ ಹಾಲು 72 ಇದೆ ಅಂತ ಖಾತ್ರಿ ಮಾಡೋದೇ ಅದು. ನಾನು ಮುಂಚೆ ಇದ್ದ ಘಟಕದಲ್ಲಿ ಕಂಟ್ರೋಲ್ ಚೆನ್ನಾಗಿ ಬರಲಿ ಅಂತ ಒಬ್ಬರು ಅದನ್ನ ಮುಂದಕ್ಕೆ ಹಾಕಿದರು. ಚಾರ್ಟ್ ಗೆರೆ ಚಂದ ಬಂತು, ಫಾಸ್ಫಟೇಸ್ ಟೆಸ್ಟ್ ಪಾಸಿಟಿವ್ ಬಂತು, ಅಂದರೆ ಹಾಲು ಸರಿಯಾಗಿ ಪಾಶ್ಚರೈಸ್ ಆಗಿರಲಿಲ್ಲ. ಆ ದಿನದ ಹಾಲೆಲ್ಲ ಚೆಲ್ಲಿದೆವು. ಸಹಿ ನನ್ನದಿತ್ತು, ಬೈಗುಳ ನಾನು ತಿಂದೆ. ಹಾಲು ಮತ್ತೆ ಮತ್ತೆ ಸುತ್ತಿ ಬಿಸಿ ಪ್ಲೇಟಿಗೆ ಹಾಲಿನ ಪದರ ಕಟ್ಟಿ ಸಿಐಪಿ (ಮಷೀನು ಬಿಚ್ಚದೆ ತೊಳೆಯೋದು) ಎರಡರಷ್ಟು ಹೊತ್ತು ಓಡಿಸಬೇಕಾದರೂ ಪರವಾಗಿಲ್ಲ, ಹಸಿ ಹಾಲು ಪ್ಯಾಕೆಟ್ಟಿಗೆ ಹೋಗಬಾರದು.

ಕಂಟ್ರೋಲ್ ಮೇಷ್ಟ್ರು
ಮೇಡಂ, ಇರುವುದನ್ನು ಕೀಳಿ ಎಂದು ನಾನು ಹೇಳಲಿಲ್ಲ. ಕಂಟ್ರೋಲಿಗೆ ಇನ್ನೊಂದು ಪಿಟಿ-100 ಹಾಕಿ ಎಂದೆ. ಬಿಸಿನೀರಿಗೂ ಒಂದು ಹಾಕಿ ಕ್ಯಾಸ್ಕೇಡ್ ಮಾಡಿದರೆ ಇನ್ನೂ ಒಳ್ಳೆಯದು. ಒಳಗಿನ ಲೂಪ್ ನೀರಿನ ಉಷ್ಣತೆ ಹಿಡಿಯುತ್ತದೆ, ಹೊರಗಿನದು ಹಾಲಿನದು.

ಡೇರಿ ಕ್ವಾಲಿಟಿ
"ಮುಂದಕ್ಕೆ ತರಲಿ" ಅಂತ ಬರೆದಿದ್ದೀರಿ ಸರ್, ಮೇಲೆ ಹೋಗಿ ಓದಿ. ಹೀಗೆ ಬರೆದಿದ್ದನ್ನ ಓದಿಯೇ ಪ್ಯಾನೆಲ್‌ನವರು ಬಂದು ಕೀಳೋದು.

ಪೀಣ್ಯ ಫರ್ನೇಸ್
ಮೇಷ್ಟ್ರೇ, ಗೇನ್ 5 ಅಂದ್ರಲ್ಲ, ಇವರ ಕಂಟ್ರೋಲರಿನಲ್ಲಿ ಗೇನ್ ಅಂತ ಎಲ್ಲಿರುತ್ತೆ? ಸಣ್ಣ ಕಂಟ್ರೋಲರಲ್ಲಿರೋದು ಪ್ರೊಪೋರ್ಷನಲ್ ಬ್ಯಾಂಡ್, ಔಟ್‌ಪುಟ್ ಸೊನ್ನೆಯಿಂದ ನೂರಕ್ಕೆ ಹೋಗೋಕೆ ಬೇಕಾದ ಡಿಗ್ರಿ. ನಿಮ್ಮ 5 ಅಂದರೆ ಬ್ಯಾಂಡ್ 20 ಡಿಗ್ರಿ. ಪಿ ಜಾಗದಲ್ಲಿ 5 ಅಂತ ಒತ್ತಿದರೆ ಗೇನ್ ನಾಲ್ಕು ಪಟ್ಟು ಆಗಿ ಹಾಲು ಕುದಿಯುತ್ತೆ. ನಮ್ಮಲ್ಲಿ ಒಬ್ಬ ಇಂಜಿನಿಯರ್ "ಗೇನ್ ಕಮ್ಮಿ ಮಾಡ್ತೀನಿ" ಅಂತ ಬ್ಯಾಂಡ್ ಇಳಿಸಿದ, ಎಸ್‌ಎಸ್‌ಆರ್ (ಬಡಿಯದೆ ಆನ್-ಆಫ್ ಮಾಡೋ ರಿಲೇ) ಎರಡು ಸುಟ್ಟವು, ಒಂದೊಂದು 1,850. ಡಿಪ್ಲೊಮಾ ಓದಿದವನನ್ನ ಪಕ್ಕಕ್ಕೆ ನಿಲ್ಲಿಸಿ ಮಾಡಿದ ಕೆಲಸ ಅದು.

ಕಂಟ್ರೋಲ್ ಮೇಷ್ಟ್ರು
ಬ್ಯಾಂಡು, ಗೇನು ಒಂದರ ವಿಲೋಮ ಇನ್ನೊಂದು ಎಂಬುದು ಮೊದಲ ಪಾಠ. ಇಂಟಿಗ್ರಲ್ ಸೆಕೆಂಡಿನಲ್ಲಿದೆಯೋ, ನಿಮಿಷಕ್ಕೆ ಇಷ್ಟು ರಿಪೀಟ್ ಎಂದಿದೆಯೋ ಅದನ್ನೂ ಕಂಟ್ರೋಲರಿನ ಕೈಪಿಡಿ ಓದಿ ನೋಡಬೇಕು. ಡಿಪ್ಲೊಮಾ, ಡಿಗ್ರಿ ಎಂದು ಇಲ್ಲಿ ಜಗಳ ಎಳೆಯಬೇಡಿ. ನನ್ನ ಅತ್ಯುತ್ತಮ ವಿದ್ಯಾರ್ಥಿಗಳು ಡಿಪ್ಲೊಮಾದಿಂದ ಬಂದವರು.

ಪೀಣ್ಯ ಫರ್ನೇಸ್
ವಿದ್ಯಾರ್ಥಿಗಳು ಅಂತಲೇ ಅಂತೀರಿ. ರಾತ್ರಿ ಪಾಳಿಯಲ್ಲಿ ಫರ್ನೇಸ್ ಮುಂದೆ ನಿಲ್ಲೋನನ್ನ ಯಾರೂ ಮೇಷ್ಟ್ರು ಅನ್ನಲ್ಲ.

ಹಾಲಿನ ಘಟಕ, ಅರಸೀಕೆರೆ ಕಡೆ
ಮಿಲ್ಲಿನವರು ಹೇಳಿದಂಗೆ ಒಂದೊಂದು ಪರ್ಸೆಂಟ್ ಕೊಟ್ಟು ನೋಡಿದೆವು. ಸ್ಟೆಮ್ ಪ್ರತಿಸಲವೂ ಅಲುಗಾಡಿತು, ಜಿಗಿತ ಕಾಣಲಿಲ್ಲ. ಕಂಟ್ರೋಲರಿನಲ್ಲಿ ಬ್ಯಾಂಡ್ 4 ಡಿಗ್ರಿ, ಇಂಟಿಗ್ರಲ್ 30 ಸೆಕೆಂಡು ಇದೆ. ಎರಡನೇ ಸೆನ್ಸರಿಗೆ ಕೊಟೇಶನ್ ಕೇಳಿದ್ದೇನೆ.

ಕಂಟ್ರೋಲ್ ಮೇಷ್ಟ್ರು
ಬ್ಯಾಂಡ್ 4 ಅಂದರೆ ಗೇನ್ 25! ಅಷ್ಟು ಡೆಡ್ ಟೈಮ್ ಇಟ್ಟುಕೊಂಡು ಅದು ತೂಗಾಡದೆ ಇನ್ನೇನು ಮಾಡೀತು? ಸೆನ್ಸರ್ ಬರೋವರೆಗೆ ಬ್ಯಾಂಡ್ 20, ಇಂಟಿಗ್ರಲ್ 120ಕ್ಕೆ ಇಡಿ, ಹಾಲಿನ ಬದಲು ನೀರು ಓಡಿಸಿ ನೋಡಿ. ಆಮೇಲೆ ನಿಮ್ಮದೇ ಸ್ಟೆಪ್ ಟೆಸ್ಟ್ ಮಾಡಿ, ನನ್ನ ಡೈಯಿಂಗ್ ನಂಬರನ್ನೇ ಕಾಯಂ ಮಾಡಬೇಡಿ.

ಮಿಲ್ಲಿನ ಇನ್‌ಸ್ಟ್ರುಮೆಂಟ್
ಸ್ಟೆಮ್ ಯಾವಾಗ ನೋಡೀರಿ? ಬಾಯ್ಲರ್ ಬಂದ್ ಇದ್ದಾಗ ತಣ್ಣಗಿನ ವಾಲ್ವ್ ನೋಡಿದ್ರ ಎಲ್ಲಾ ಸರಳ ಅಲ್ಲಾಡತಾವು. ಪ್ಯಾಕಿಂಗ್ ಹಿಡಿಯೂದು ಸ್ಟೀಮ್ ಪ್ರೆಶರ್ ಮ್ಯಾಲಿದ್ದಾಗ. ಬಿಸಿ ಇದ್ದಾಗ ನೋಡಿ ಬರೀರಿ, ಆಮ್ಯಾಲೆ ಮೇಷ್ಟ್ರ ನಂಬರ್ ಹಾಕ್ರಿ.