ಲಿನಕ್ಸ್ ತಂತ್ರಾಂಶ ಹಂಚುವಾಗ ಸ್ಟ್ಯಾಟಿಕ್ ಲೈಬ್ರರಿಯೋ, ಶೇರ್ಡ್ ಲೈಬ್ರರಿಯೋ?

ಕೋರಿಕೆ: ಉಬುಂಟು 22.04ರಲ್ಲಿ ಬಿಲ್ಡ್ ಮಾಡಿದ ನಮ್ಮ ಸಿ++ ತಂತ್ರಾಂಶವು ಗ್ರಾಹಕರ ಉಬುಂಟು 20.04ರಲ್ಲಿ ‘ಜಿಲಿಬ್‌ಸಿ 2.34 ಸಿಗಲಿಲ್ಲ’ (ಜಿಲಿಬ್‌ಸಿ ಎಂದರೆ ಲಿನಕ್ಸ್‌ನ ಮೂಲ ಸಿ ಲೈಬ್ರರಿ) ಎಂಬ ದೋಷ ತೋರಿಸಿ ನಿಂತುಬಿಡುತ್ತದೆ. ಎಲ್ಲ ಲೈಬ್ರರಿಗಳನ್ನೂ ಸ್ಟ್ಯಾಟಿಕ್ ಆಗಿ, ಅಂದರೆ ನಮ್ಮ ಬೈನರಿಯ ಒಳಗೇ ಸೇರಿಸಿ, ಲಿಂಕ್ ಮಾಡಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಿ.

ಉತ್ತರ 1: ಉಳಿದವುಗಳ ಮಾತು ಹಾಗಿರಲಿ, ಜಿಲಿಬ್‌ಸಿಯನ್ನು ಮಾತ್ರ ಶೇರ್ಡ್ ಆಗಿಯೇ (ಓಡುವಾಗ ಗ್ರಾಹಕರ ಯಂತ್ರದಿಂದ ಲೋಡ್ ಆಗುವಂತೆ) ಬಿಡಿ. ಹಳೆಯ ಜಿಲಿಬ್‌ಸಿಯ ಮೇಲೆ ಬಿಲ್ಡ್ ಆದದ್ದು ಹೊಸದರ ಮೇಲೆ ಓಡುತ್ತದೆ, ಹೊಸದರ ಮೇಲೆ ಆದದ್ದು ಹಳೆಯದರ ಮೇಲೆ ಓಡುವ ಭರವಸೆಯಿಲ್ಲ. 22.04ರಲ್ಲಿರುವುದು 2.35, 20.04ರಲ್ಲಿರುವುದು 2.31. ಪ್ರೋಗ್ರಾಂ ಆರಂಭವಾಗುವಾಗ ‘ಮೇನ್’ ಅನ್ನು ಕರೆಯುವ ಒಳಗಿನ ಫಂಕ್ಷನ್‌ಗೇ 2.34ರಲ್ಲಿ ಹೊಸ ಆವೃತ್ತಿಯ ಗುರುತು ಬಿದ್ದಿರುವುದರಿಂದ, ಏನೂ ಮಾಡದ ಖಾಲಿ ಪ್ರೋಗ್ರಾಂ ಕೂಡ 22.04ರಲ್ಲಿ ಬಿಲ್ಡ್ ಆದರೆ 2.34 ಅನ್ನೇ ಕೇಳುತ್ತದೆ. ಆದ್ದರಿಂದ ನೀವು ಬೆಂಬಲಿಸಬೇಕಾದ ಅತ್ಯಂತ ಹಳೆಯ ಆವೃತ್ತಿಯ ಕಂಟೇನರ್‌ನಲ್ಲಿ ಬಿಲ್ಡ್ ಮಾಡಿ, ಪ್ರತಿ ಬಿಡುಗಡೆಗೆ ಮುನ್ನ ಬೈನರಿಯ ಒಳಗನ್ನು ತೋರಿಸುವ ಆಬ್ಜ್‌ಡಂಪ್ ಸಾಧನದಿಂದ ಡೈನಾಮಿಕ್ ಸಿಂಬಲ್‌ಗಳ (ಹೊರಗಿನ ಲೈಬ್ರರಿಗಳಿಂದ ಬೇಕಾದ ಫಂಕ್ಷನ್ ಮೊದಲಾದ ಹೆಸರುಗಳ) ಪಟ್ಟಿ ತೆಗೆದು ಅದರಲ್ಲಿರುವ ಅತಿ ಹೊಸ ಜಿಲಿಬ್‌ಸಿ ಆವೃತ್ತಿ ಯಾವುದೆಂದು ನೋಡಿಕೊಳ್ಳಿ.

ಜಿಲಿಬ್‌ಸಿಯನ್ನೇ ಸ್ಟ್ಯಾಟಿಕ್ ಮಾಡಿದರೆ, ಹೋಸ್ಟ್ ಹೆಸರಿನಿಂದ ಐಪಿ ವಿಳಾಸ ಹುಡುಕುವ ಫಂಕ್ಷನ್‌ಗಳು ಓಡುವಾಗಲೂ ಅದೇ ಆವೃತ್ತಿಯ ಶೇರ್ಡ್ ಲೈಬ್ರರಿಗಳನ್ನು ಬಯಸುತ್ತವೆ; ಲಿಂಕರ್ ಸ್ವತಃ ಈ ಎಚ್ಚರಿಕೆ ಕೊಡುತ್ತದೆ, ಅದನ್ನು ಕಡೆಗಣಿಸಬೇಡಿ.

ಉತ್ತರ 2: ಮೇಲಿನ ಸಲಹೆ ನನಗೂ ಒಪ್ಪಿಗೆ. ಪೂರ್ತಿ ಸ್ಟ್ಯಾಟಿಕ್ ಬೈನರಿಯೇ ಬೇಕಾದರೆ ಜಿಲಿಬ್‌ಸಿಯ ಬದಲು ಬಳಸಬಹುದಾದ ಮಸಲ್ ಎಂಬ ಸಿ ಲೈಬ್ರರಿ ಇದೆ. ಸಣ್ಣ ಕಮಾಂಡ್‌ಲೈನ್ ಸಾಧನಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ. ಆದರೆ ಓಪನ್‌ಜಿಎಲ್ (ಗ್ರಾಫಿಕ್ಸ್ ಲೈಬ್ರರಿ) ಬಳಸುವ ತಂತ್ರಾಂಶವಾದರೆ ಗ್ರಾಫಿಕ್ಸ್ ಡ್ರೈವರನ್ನು ಗ್ರಾಹಕರ ಯಂತ್ರದಿಂದಲೇ ಲೋಡ್ ಮಾಡಬೇಕು, ಪೂರ್ತಿ ಸ್ಟ್ಯಾಟಿಕ್ ಬೈನರಿಗೆ ಅದು ಆಗದು; ಆದ್ದರಿಂದ ಆ ದಾರಿ ಹಿಡಿಯಬೇಡಿ. ಸಿ++ ರನ್‌ಟೈಮನ್ನು ಸ್ಟ್ಯಾಟಿಕ್ ಆಗಿ ಸೇರಿಸಬಹುದು. ಪ್ಲಗಿನ್‌ಗಳ ನಡುವೆ ಎಕ್ಸೆಪ್ಶನ್‌ಗಳು ದಾಟುವಂತಿದ್ದರೆ ಮಾತ್ರ ಅದನ್ನೂ ಶೇರ್ಡ್ ಆಗಿಯೇ ಇಡಿ.

ಉತ್ತರ 3: ಇಲ್ಲಿ ಯಾರೂ ಎತ್ತದ ಭದ್ರತೆಯ ವಿಷಯವೇ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. 2014ರ ಏಪ್ರಿಲ್‌ನಲ್ಲಿ ಗೂಢಲಿಪಿ ಲೈಬ್ರರಿಯಾದ ಓಪನ್‌ಎಸ್‌ಎಸ್‌ಎಲ್‌ನ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಶೇರ್ಡ್ ಲೈಬ್ರರಿ ಬಳಸುತ್ತಿದ್ದ ಪ್ರೋಗ್ರಾಂಗಳಿಗೆ ಒಂದು ಪ್ಯಾಕೇಜ್ ಅಪ್‌ಡೇಟ್ ಮಾಡಿ ಸೇವೆಗಳನ್ನು ಮರುಪ್ರಾರಂಭಿಸಿದರೆ ಸಾಕಿತ್ತು. ದೋಷವಿದ್ದ ಆವೃತ್ತಿಯನ್ನು ಸ್ಟ್ಯಾಟಿಕ್ ಆಗಿ ಒಳಗಿಟ್ಟುಕೊಂಡಿದ್ದ ಪ್ರತಿಯೊಂದನ್ನೂ ಮತ್ತೆ ಬಿಲ್ಡ್ ಮಾಡಿ ಹಂಚಬೇಕಾಯಿತು. ಹಾಗೆಂದು ವ್ಯವಸ್ಥೆಯ ಲೈಬ್ರರಿಯನ್ನೇ ನೆಚ್ಚಿಕೊಳ್ಳುವುದೂ ಸುಲಭವಲ್ಲ, ಏಕೆಂದರೆ 20.04ರಲ್ಲಿರುವುದು ಓಪನ್‌ಎಸ್‌ಎಸ್‌ಎಲ್ 1.1.1, 22.04ರಲ್ಲಿರುವುದು 3.0, ಒಂದಕ್ಕೆ ಲಿಂಕ್ ಆದದ್ದು ಇನ್ನೊಂದರೊಡನೆ ಓಡುವುದಿಲ್ಲ. ನೀವೇ ಜೊತೆಗಿಟ್ಟು ಕಳಿಸುವುದಾದರೆ ಯಾವ ಲೈಬ್ರರಿಯ ಯಾವ ಆವೃತ್ತಿ ಒಳಗಿದೆ ಎಂಬ ಪಟ್ಟಿಯನ್ನು ಪ್ರತಿ ಬಿಡುಗಡೆಯೊಂದಿಗೆ ಪ್ರಕಟಿಸಿ, ದೋಷ ಸುದ್ದಿಯಾದ ಕೂಡಲೇ ಹೊಸ ಬಿಡುಗಡೆ ಕೊಡುವ ಹೊಣೆಯನ್ನು ತಂಡದಲ್ಲಿ ಒಬ್ಬರಿಗೆ ವಹಿಸಿ. ಎಲ್‌ಜಿಪಿಎಲ್ ಎಂಬ ಮುಕ್ತ ತಂತ್ರಾಂಶ ಪರವಾನಗಿಯ ಲೈಬ್ರರಿಯನ್ನು ಸ್ಟ್ಯಾಟಿಕ್ ಆಗಿ ಸೇರಿಸಿದ್ದರೆ, ಬಳಕೆದಾರರು ಅದನ್ನು ಬದಲಿಸಿ ಮತ್ತೆ ಲಿಂಕ್ ಮಾಡಿಕೊಳ್ಳಲು ಬೇಕಾದ ಆಬ್ಜೆಕ್ಟ್ ಫೈಲ್‌ಗಳನ್ನೂ ಒದಗಿಸಬೇಕಾಗುತ್ತದೆ.