ಒಂದೇ ರ‍್ಯಾಮ್, ಮೂರು ನಂಬರ್: ಬೋರ್ಡ್ ರಿಪೇರಿಯವರನ್ನು ಕೇಳಿ

ಪ್ರಶ್ನೆ:
ಸರ್ ನಮಸ್ಕಾರ. ಇಳಕಲ್‌ನಲ್ಲಿ ನನ್ನದೊಂದು ಚಿಕ್ಕ ಡಿಟಿಪಿ ಅಂಗಡಿ ಇದೆ. ಮದುವೆ ಕಾರ್ಡು, ಬ್ಯಾನರ್, ನುಡಿಯಲ್ಲಿ ಟೈಪಿಂಗ್, ಇಷ್ಟೇ ಕೆಲಸ. ಕಂಪ್ಯೂಟರ್ ಹಳೆಯದು. ಐ3 6100 ಪ್ರೊಸೆಸರ್, ಎಚ್110 ಮದರ್‌ಬೋರ್ಡ್, 4 ಜಿಬಿ ರ‍್ಯಾಮ್. ಫೋಟೋಶಾಪ್, ಕೋರೆಲ್ ಎರಡೂ ಒಟ್ಟಿಗೆ ತೆಗೆದರೆ ಮೌಸ್ ಕೂಡ ಅಲುಗಾಡುತ್ತಿರಲಿಲ್ಲ. ಹೋದ ವಾರ ಡಿಡಿಆರ್4 3200, 8 ಜಿಬಿ ಅಂತ ಹೊಸ ರ‍್ಯಾಮ್ ತಂದು ಹಳೆಯದರ ಪಕ್ಕದಲ್ಲೇ ಹಾಕಿಸಿದೆ. ಈಗ ಚೆನ್ನಾಗಿ ಓಡುತ್ತಿದೆ. ಆದರೆ ಟಾಸ್ಕ್ ಮ್ಯಾನೇಜರ್ ತೆಗೆದು ನೋಡಿದರೆ ಸ್ಪೀಡ್ 2133 ಅಂತ ತೋರಿಸುತ್ತೆ. ಮನೆಗೆ ಬಂದ ಅಳಿಯ ಕಂಪ್ಯೂಟರ್ ಒಳಗಿನ ಮಾಹಿತಿ ತೋರಿಸುವ ಸಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ ನೋಡಿ, "ಮಾವ, ಇದು ಬರೀ 1066, ಹಳೇ ಮಾಲು ಕೊಟ್ಟಿದ್ದಾರೆ ನಿಮಗೆ" ಅಂದ. ನಾನು ಮೋಸ ಹೋದೆನಾ ಸರ್? ಅಂಗಡಿಗೆ ಹೋಗಿ ಕೇಳುವ ಮುಂಚೆ ನಿಮ್ಮನ್ನು ಕೇಳೋಣ ಅನ್ನಿಸಿತು.

ಉತ್ತರ:
ಅಣ್ಣಾ, ಮೊದಲು ಮನಸ್ಸು ಹಗುರ ಮಾಡಿಕೊಳ್ಳಿ, ನೀವು ಮೋಸ ಹೋಗಿಲ್ಲ. 3200, 2133, 1066 ಮೂರೂ ಸರಿಯಾದ ನಂಬರ್‌ಗಳೇ.

3200 ಅಂದರೆ ಆ ರ‍್ಯಾಮ್ ಎಷ್ಟು ವೇಗದವರೆಗೆ ಓಡಬಲ್ಲದು ಅನ್ನುವ ಮಾತು. ಅಷ್ಟರಲ್ಲೇ ಓಡುತ್ತೆ ಅಂತಲ್ಲ. ರ‍್ಯಾಮ್ ಮೇಲೆ ದೊಡ್ಡ ಕಪ್ಪು ಚಿಪ್‌ಗಳ ನಡುವೆ ಅಕ್ಕಿಕಾಳಿನಷ್ಟು ಪುಟ್ಟದೊಂದು ಚಿಪ್ ಇರುತ್ತೆ, ನೋಡಿ. ಅದಕ್ಕೆ ಎಸ್‌ಪಿಡಿ ಅಂತಾರೆ. ನಾನು ಯಾವ ತಲೆಮಾರು, ಎಷ್ಟು ಜಿಬಿ, ಯಾವ ಯಾವ ವೇಗದಲ್ಲಿ ಓಡಬಲ್ಲೆ ಅನ್ನುವುದೆಲ್ಲ ಅದರಲ್ಲಿ ಬರೆದಿರುತ್ತೆ. ಸ್ವಿಚ್ ಒತ್ತಿದ ಕೂಡಲೇ ಬಯಾಸ್, ಅಂದರೆ ಬೋರ್ಡ್‌ನಲ್ಲೇ ಇರುವ, ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಅದನ್ನು ಓದಿ, ಪ್ರೊಸೆಸರ್ ಎಷ್ಟಕ್ಕೆ ಒಪ್ಪುತ್ತೆ, ಬೋರ್ಡ್ ಎಷ್ಟಕ್ಕೆ ಒಪ್ಪುತ್ತೆ ಅಂತ ನೋಡಿ, ಎಲ್ಲರಿಗೂ ಹೊಂದುವ ವೇಗವನ್ನು ಹಿಡಿಯುತ್ತೆ. ಗಾಡಿಗೆ ಕಟ್ಟಿದ ಜೋಡೆತ್ತು ಇದ್ದ ಹಾಗೆ, ಒಂದು ಎಷ್ಟೇ ಚುರುಕಾಗಿದ್ದರೂ ನಿಧಾನದ್ದರ ಹೆಜ್ಜೆಗೇ ನಡೆಯಬೇಕು. ಐ3 6100ಕ್ಕೆ ಡಿಡಿಆರ್4ನಲ್ಲಿ ಕಂಪನಿ ಕೊಟ್ಟಿರುವ ಮಿತಿಯೇ 2133. ಅದನ್ನು ದಾಟಿಸುವ ಸೌಲಭ್ಯ ಎಚ್110 ಬೋರ್ಡ್‌ನಲ್ಲಿ ಇಲ್ಲ. ಹಳೇ 4 ಜಿಬಿ ತೆಗೆದು ಹೊಸದೊಂದನ್ನೇ ಹಾಕಿದರೂ 2133 ಅಂತಲೇ ಬರುತ್ತೆ, ಬೇಕಾದರೆ ಹಾಕಿ ನೋಡಿ.

ಇನ್ನು 1066. ನೀವು ಇಳಕಲ್‌ನವರು, ಮಗ್ಗ ನೋಡಿಯೇ ಇರುತ್ತೀರಿ. ಲಾಳಿ ಆ ಕಡೆ ಹೋಗುವಾಗ ಒಂದು ಎಳೆ ಹೊಕ್ಕು ಬೀಳುತ್ತೆ, ವಾಪಸ್ ಬರುವಾಗ ಇನ್ನೊಂದು ಎಳೆ. ಹೋಗಿ ಬರುವುದು ಒಂದು ಸಲ, ಎಳೆ ಎರಡು. ಡಿಡಿಆರ್ ಅನ್ನುವ ಹೆಸರಿನ ಅರ್ಥವೂ ಅದೇ, ಡಬಲ್ ಡೇಟಾ ರೇಟ್. ಒಳಗಿನ ಗಡಿಯಾರದ ಒಂದೊಂದು ಬಡಿತದಲ್ಲಿ ಸಿಗ್ನಲ್ ಏರುವಾಗ ಒಮ್ಮೆ, ಇಳಿಯುವಾಗ ಒಮ್ಮೆ ಡೇಟಾ ಹೋಗುತ್ತೆ. ಸಿಪಿಯು-ಝಡ್ ಬಡಿತವನ್ನು ಎಣಿಸುತ್ತೆ, ಅದು ಸೆಕೆಂಡಿಗೆ ಸುಮಾರು 1066 ಮಿಲಿಯನ್. ಟಾಸ್ಕ್ ಮ್ಯಾನೇಜರ್ ಎಳೆಗಳನ್ನು ಎಣಿಸುತ್ತೆ, ಅದು 2133. ಅಂಗಡಿಯಲ್ಲಿ ಎಲ್ಲರೂ 3200 ಮೆಗಾಹರ್ಟ್ಸ್ ಅಂತಾರೆ, ನಾವೂ ಹಾಗೇ ಅಂತೀವಿ. ಸರಿಯಾಗಿ ಹೇಳಬೇಕೆಂದರೆ ಅದು ಮೆಗಾಟ್ರಾನ್ಸ್‌ಫರ್, ಸೆಕೆಂಡಿಗೆ ಎಷ್ಟು ಮಿಲಿಯನ್ ಸಲ ಡೇಟಾ ಹೋಗುತ್ತೆ ಅನ್ನುವ ಲೆಕ್ಕ. ಅಳಿಯಂದಿರು ಓದಿದ ನಂಬರ್ ಸರಿ, ಎರಡರಿಂದ ಗುಣಿಸುವುದು ಬಿಟ್ಟುಹೋಗಿದೆ ಅಷ್ಟೇ.

ಪ್ರಶ್ನೆ (ಅವರದೇ):
ದೊಡ್ಡ ಭಾರ ಇಳಿಯಿತು ಸರ್. ಹಾಗಾದರೆ ನನಗೆ 2133ದ್ದೇ ಸಾಕಿತ್ತಲ್ವಾ, ಸುಮ್ನೆ ಜಾಸ್ತಿ ದುಡ್ಡು ಕೊಟ್ಟೆನಾ? 4 ಮತ್ತು 8 ಹೀಗೆ ಬೇರೆ ಬೇರೆ ಹಾಕಿದರೆ ಏನಾದರೂ ತೊಂದರೆ ಇದೆಯಾ? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ:
2133 ಹೊಸದಾಗಿ ಸಿಗುವುದು ಈಗ ಕಷ್ಟ. ಹಳೇ ಸ್ಟಾಕ್ ಹುಡುಕಿಕೊಂಡು ಅಲೆಯುವ ಬದಲು 3200 ತಂದದ್ದೇ ಒಳ್ಳೆಯದಾಯಿತು. ವೇಗದ ರ‍್ಯಾಮ್ ಕೆಳಗಿಳಿದು ಓಡುತ್ತೆ, ಅದಕ್ಕೇನೂ ಕೆಡುಕಿಲ್ಲ.

4+8 ಹಾಕಬಹುದು. ಎರಡು ಸ್ಲಾಟ್ ಅಂದರೆ ಪ್ರೊಸೆಸರ್‌ಗೆ ಎರಡು ದಾರಿ. ಎರಡರಲ್ಲೂ ರ‍್ಯಾಮ್ ಇದ್ದರೆ ಎರಡೂ ದಾರಿಯಲ್ಲಿ ಒಟ್ಟಿಗೆ ಡೇಟಾ ಹೋಗುತ್ತೆ, ಅದೇ ಡ್ಯುಯಲ್ ಚಾನೆಲ್. ನಿಮ್ಮದರಲ್ಲಿ ಹಳೆಯ 4ಕ್ಕೆ ಹೊಸದರ 4 ಜೋಡಿಯಾಗುತ್ತೆ. ಆ 8 ಜಿಬಿ ಡ್ಯುಯಲ್‌ನಲ್ಲಿ ಓಡುತ್ತೆ, ಮಿಕ್ಕ 4 ಜಿಬಿ ಒಂದೇ ದಾರಿಯಲ್ಲಿ. ಇಂಟೆಲ್‌ನವರು ಇದಕ್ಕೆ ಫ್ಲೆಕ್ಸ್ ಮೋಡ್ ಅಂತಾರೆ. ಫೋಟೋಶಾಪ್‌ಗೆ ಮುಖ್ಯವಾಗಿ ಬೇಕಾದದ್ದು ಜಾಗ. ಮೊದಲು 4 ಜಿಬಿ ತುಂಬಿ ವಿಂಡೋಸ್ ಮಿಕ್ಕದ್ದನ್ನು ಹಾರ್ಡ್‌ಡಿಸ್ಕ್‌ಗೆ ಬರೆದು ಬರೆದು ತೆಗೆಯುತ್ತಿತ್ತು, ಮೌಸ್ ನಿಲ್ಲುತ್ತಿದ್ದದ್ದು ಅದಕ್ಕೆ. ಈಗ ಆ ಓಡಾಟ ತಪ್ಪಿದೆ. ವೇಗದ ನಂಬರ್‌ಗಿಂತ ನಿಮಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಈ 8 ಜಿಬಿಯೇ ಅಣ್ಣಾ.

ಪ್ರಶ್ನೆ:
ಸರ್, ನಾನು ಇಂಜಿನಿಯರಿಂಗ್ ವಿದ್ಯಾರ್ಥಿನಿ, ಮೊದಲ ಸಲ ಪಿಸಿ ಜೋಡಿಸುತ್ತಿದ್ದೇನೆ. ಎಸ್‌ಪಿ ರೋಡ್‌ಗೆ ಹೋಗಿ ಎಚ್610 ಬೋರ್ಡ್ ತಂದೆ, ರ‍್ಯಾಮ್ ಮಾತ್ರ ಆನ್‌ಲೈನ್‌ನಲ್ಲಿ ಡಿಡಿಆರ್5 ತರಿಸಿದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ಅಂತ ಓದಿದ್ದೆ. ಆದರೆ ಸ್ಲಾಟ್‌ಗೆ ಕೂರುತ್ತಲೇ ಇಲ್ಲ. ಇನ್ನೂ ಸ್ವಲ್ಪ ಜೋರಾಗಿ ಒತ್ತಲಾ? ರ‍್ಯಾಮ್ ಮೇಲೆ ಸಿಎಲ್ 40 ಅಂತಲೂ ಇದೆ, ಗೆಳತಿಯ ಡಿಡಿಆರ್4ನಲ್ಲಿ ಸಿಎಲ್ 16 ಇದೆ. ನನ್ನದು ನಿಧಾನದ್ದಾ?

ಉತ್ತರ:
ಒತ್ತಬೇಡಮ್ಮ, ದಯವಿಟ್ಟು ನಿಲ್ಲಿಸು. ಹೀಗೆ ಒತ್ತಿ ಸ್ಲಾಟ್ ಸೀಳಿಕೊಂಡ ಬೋರ್ಡ್‌ಗಳು ನನ್ನ ಟೇಬಲ್‌ಗೆ ಬರುತ್ತಲೇ ಇರುತ್ತವೆ, ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತೆ.

ರ‍್ಯಾಮ್‌ನ ಚಿನ್ನದ ಬಣ್ಣದ ಅಂಚಿನಲ್ಲಿ ಒಂದು ಕಚ್ಚು ಇದೆ. ಸ್ಲಾಟ್ ಒಳಗೆ ಅದಕ್ಕೆ ಸರಿಯಾಗಿ ಒಂದು ಉಬ್ಬು ಇದೆ. ಡಿಡಿಆರ್4, ಡಿಡಿಆರ್5 ಎರಡಕ್ಕೂ 288 ಪಿನ್ ನಿಜ, ಆದರೆ ಕಚ್ಚಿನ ಜಾಗ ಬೇರೆ. ತಪ್ಪಾದದ್ದನ್ನು ಯಾರೂ ಹಾಕಬಾರದು ಅಂತಲೇ ಹಾಗೆ ಮಾಡಿದ್ದಾರೆ. ವೋಲ್ಟೇಜೂ ಬೇರೆ, ಡಿಡಿಆರ್4ಕ್ಕೆ 1.2, ಡಿಡಿಆರ್5ಕ್ಕೆ 1.1. ಎಚ್610 ಅನ್ನುವುದು ಚಿಪ್‌ಸೆಟ್, ಅಂದರೆ ಬೋರ್ಡ್‌ನ ಮುಖ್ಯ ಚಿಪ್‌ನ ಹೆಸರು ಮಾತ್ರ. ಅದೇ ಚಿಪ್‌ಸೆಟ್‌ನಲ್ಲಿ ಡಿಡಿಆರ್4 ಬೋರ್ಡೂ ಬರುತ್ತೆ, ಡಿಡಿಆರ್5 ಬೋರ್ಡೂ ಬರುತ್ತೆ. ನಿನ್ನದು ಡಿಡಿಆರ್4 ಬೋರ್ಡ್ ಇರಬೇಕು. ಡಬ್ಬದ ಮೇಲೆ ಮಾಡೆಲ್ ಹೆಸರನ್ನು ಕೊನೆಯವರೆಗೂ ಓದು, ಹೆಚ್ಚಾಗಿ ಅಲ್ಲೇ ಡಿ4 ಅಂತಲೋ ಡಿಡಿಆರ್4 ಅಂತಲೋ ಇರುತ್ತೆ. ಇಲ್ಲದಿದ್ದರೆ ಸ್ಲಾಟ್ ಪಕ್ಕದಲ್ಲಿ ಬೋರ್ಡ್ ಮೇಲೇ ಅಚ್ಚು ಹಾಕಿರುತ್ತಾರೆ, ಮೊಬೈಲ್ ಟಾರ್ಚ್ ಬಿಟ್ಟು ನೋಡು. ರ‍್ಯಾಮ್ ವಾಪಸ್ ಕೊಡಲು ಅವಕಾಶ ಇದ್ದರೆ ಇವತ್ತೇ ಕೊಡು.

ಸಿಎಲ್ ಅಂದರೆ, ಡೇಟಾ ಕೊಡು ಅಂತ ಕೇಳಿದ ಮೇಲೆ ಎಷ್ಟು ಬಡಿತ ಕಾಯಬೇಕು ಅನ್ನುವ ಲೆಕ್ಕ. ಬಡಿತವೇ ಚುರುಕಾಗಿದ್ದರೆ ಹೆಚ್ಚು ಬಡಿತ ಕಾದರೂ ಸಮಯ ಅಷ್ಟೇ ಆಗಬಹುದು. ಸಿಎಲ್ ಅನ್ನು 2000ದಿಂದ ಗುಣಿಸಿ ವೇಗದಿಂದ ಭಾಗಿಸು, ನ್ಯಾನೋಸೆಕೆಂಡ್ ಸಿಗುತ್ತೆ. 3200ಕ್ಕೆ ಸಿಎಲ್ 16 ಆದರೆ 10 ನ್ಯಾನೋಸೆಕೆಂಡ್. ಅದೇ 3200ಕ್ಕೆ ಸಿಎಲ್ 22 ಆದರೆ 13.75. ಡಿಡಿಆರ್5 6000ಕ್ಕೆ ಸಿಎಲ್ 30 ಆದರೂ 10ಕ್ಕೇ ಬಂತು ನೋಡು. ನಿನ್ನದರ ವೇಗ ಎಷ್ಟು ಅಂತ ನೀನು ಬರೆದಿಲ್ಲ, ಈ ಲೆಕ್ಕಕ್ಕೆ ಹಾಕಿ ನೀನೇ ನೋಡಿಕೋ. ಮುಂದೆ ಡಿಡಿಆರ್5 ಬೋರ್ಡ್‌ಗೇ ಹೋದರೆ ಇದನ್ನು ನೆನಪಿಡು: ಮೊದಲ ಸಲ ಆನ್ ಮಾಡಿದಾಗ ಕೆಲವು ನಿಮಿಷ ಸ್ಕ್ರೀನ್ ಕಪ್ಪಾಗಿಯೇ ಇರಬಹುದು. ಬೋರ್ಡ್ ಆಗ ರ‍್ಯಾಮ್ ಜೊತೆ ಹೊಂದಿಕೊಳ್ಳುತ್ತಿರುತ್ತೆ. ಹೆದರಿ ಮಧ್ಯದಲ್ಲಿ ಕರೆಂಟ್ ತೆಗೆಯಬೇಡ.

ಪ್ರಶ್ನೆ:
ನಾಲ್ಕನೇ ತಲೆಮಾರಿನ ಐ5 ಲ್ಯಾಪ್‌ಟಾಪ್ ಸರ್. ಡಿಡಿಆರ್3 ಹಾಕಿದೆ, ಸರಿಯಾಗಿ ಕೂತಿತು, ಆದರೆ ಡಿಸ್ಪ್ಲೇನೇ ಬರಲ್ಲ.

ಉತ್ತರ:
ನಿಮಗೆ ಬೇಕಾದದ್ದು ಡಿಡಿಆರ್3ಎಲ್. ಕೊನೆಯ ಆ ಎಲ್ ಅಕ್ಷರಕ್ಕೆ ಬೆಲೆ ಇದೆ. ಡಿಡಿಆರ್3 1.5 ವೋಲ್ಟ್‌ನದ್ದು, 3ಎಲ್ 1.35ರದ್ದು. ಎರಡಕ್ಕೂ 204 ಪಿನ್, ಕಚ್ಚೂ ಒಂದೇ ಕಡೆ, ಅದಕ್ಕೇ ಕೂತುಬಿಡುತ್ತೆ. ಆದರೆ ನಿಮ್ಮ ಲ್ಯಾಪ್‌ಟಾಪ್ 1.35ರದ್ದಕ್ಕೆ ಮಾಡಿದ್ದು, ಅದಕ್ಕೇ ಡಿಸ್ಪ್ಲೇ ಬರಲ್ಲ. ಸ್ಟಿಕ್ಕರ್ ಮೇಲೆ ಪಿಸಿ3ಎಲ್ ಅಂತ ಇರುವುದನ್ನೇ ಕೇಳಿ ತನ್ನಿ.

ಪ್ರಶ್ನೆ (ಇಳಕಲ್‌ನಿಂದ ಮತ್ತೆ):
ಸರ್, ಇನ್ನೊಂದು 8 ಜಿಬಿ ಹಾಕಿ ಹಳೇ 4 ತೆಗೆದುಬಿಡೋಣ ಅನ್ನಿಸುತ್ತಿದೆ. ಈ ಸಲ ನಾನೇ ಹಾಕುತ್ತೇನೆ. ಸ್ಟಿಕ್ಕರ್ ಮೇಲೆ "8ಜಿಬಿ 1ಆರ್‌ಎಕ್ಸ್8 ಪಿಸಿ4-3200ಎಎ-ಯುಎ2" ಅಂತೆಲ್ಲ ಇದೆ, ಇದರಲ್ಲಿ ಯಾವುದನ್ನು ನೋಡಿ ಕೇಳಬೇಕು?

ಉತ್ತರ:
ಪಿಸಿ4 ಅಂದರೆ ಡಿಡಿಆರ್4. 3200 ನಿಮಗೆ ಗೊತ್ತೇ ಇದೆ. ಕೆಲವು ಕಂಪನಿಯವರು ಅದೇ ಜಾಗದಲ್ಲಿ ಪಿಸಿ4-25600 ಅಂತ ಬರೆಯುತ್ತಾರೆ, ಗಾಬರಿ ಬೇಡ. ಒಂದು ಸಲಕ್ಕೆ 8 ಬೈಟ್ ಹೋಗುತ್ತೆ, 3200ನ್ನು 8ರಿಂದ ಗುಣಿಸಿದರೆ 25600, ಸೆಕೆಂಡಿಗೆ ಅಷ್ಟು ಎಂಬಿ. ಎಎ ಅನ್ನುವುದು ಸಿಎಲ್ 22ರ ಗುರುತು. ಅದಾದ ಮೇಲೆ ಬರುವ ಯು ಅಕ್ಷರ ಮುಖ್ಯ, ಅದು ಮಾಮೂಲಿ ಡೆಸ್ಕ್‌ಟಾಪ್ ರ‍್ಯಾಮ್. ಎಸ್ ಇದ್ದರೆ ಲ್ಯಾಪ್‌ಟಾಪ್‌ನದ್ದು. ಆರ್ ಇದ್ದರೆ ಸರ್ವರ್‌ನದ್ದು, ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ, ನಿಮ್ಮ ಬೋರ್ಡ್‌ನಲ್ಲಿ ಓಡಲ್ಲ. 1ಆರ್‌ಎಕ್ಸ್8 ಅಂದರೆ ಒಂದು ಸಾಲು ಚಿಪ್, ಒಂದೊಂದು ಚಿಪ್ ಒಂದು ಸಲಕ್ಕೆ 8 ಬಿಟ್ ಕೊಡುತ್ತೆ, ಅದಕ್ಕೆ ಎಂಟು ಚಿಪ್ ಬೇಕು. 1ಆರ್‌ಎಕ್ಸ್16ರಲ್ಲಿ ನಾಲ್ಕೇ ಚಿಪ್ ಇರುತ್ತವೆ, ಅದು ಸ್ವಲ್ಪ ನಿಧಾನ. ನೀವು ಈಗ ತಂದಿರುವಂಥದ್ದನ್ನೇ ಕೇಳಿ. ಆ 8 ಜಿಬಿಯ ಸ್ಟಿಕ್ಕರ್ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡು ಹೋಗಿ ತೋರಿಸಿಬಿಡಿ.

ಹಾಕುವಾಗ ವೈರ್ ಕಿತ್ತು, ಪವರ್ ಬಟನ್ ಒಂದೆರಡು ಸಲ ಒತ್ತಿ ಬಿಡಿ. ಕ್ಯಾಬಿನೆಟ್‌ನ ಬರಿ ಕಬ್ಬಿಣ ಮುಟ್ಟಿ ಆಮೇಲೆ ರ‍್ಯಾಮ್ ಹಿಡಿಯಿರಿ, ಅಂಚಿನಲ್ಲಿ ಮಾತ್ರ ಹಿಡಿಯಿರಿ. ಕಚ್ಚು ಹೊಂದಿಸಿ ಎರಡು ತುದಿಯಲ್ಲೂ ಹೆಬ್ಬೆರಳು ಇಟ್ಟು ನೇರವಾಗಿ ಒತ್ತಿ. ಎಚ್110ನ ಎಷ್ಟೋ ಬೋರ್ಡ್‌ಗಳಲ್ಲಿ ಲಾಕ್ ಒಂದೇ ಕಡೆ ಇರುತ್ತೆ. ಆ ಕಡೆ ಟಕ್ ಅಂದ ಕೂಡಲೇ ಕೂತಿತು ಅಂದುಕೊಳ್ಳುತ್ತಾರೆ, ಲಾಕ್ ಇಲ್ಲದ ತುದಿ ಒಂದು ಕೂದಲೆಳೆ ಮೇಲೇ ಉಳಿದಿರುತ್ತೆ. ಆಮೇಲೆ ಬೀಪ್ ಬೀಪ್ ಅಂತ ಕೂಗುತ್ತೆ ಅಂತ ಫೋನ್ ಬರುತ್ತೆ. ಹಾಗೇನಾದರೂ ಕೂಗಿದರೆ ತೆಗೆದು, ಚಿನ್ನದ ಅಂಚನ್ನು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ, ಪುಡಿಯನ್ನೆಲ್ಲ ಬ್ರಷ್‌ನಿಂದ ಕೊಡವಿ, ಮತ್ತೆ ಕೂರಿಸಿ. ಆನ್ ಆದ ಮೇಲೆ ಟಾಸ್ಕ್ ಮ್ಯಾನೇಜರ್‌ನಲ್ಲಿ 16 ಜಿಬಿ, 2133 ಅಂತ ಬಂದರೆ ಎಲ್ಲ ಸರಿ ಇದೆ. ಫೋಟೋ ಹಾಕಿ, ನೋಡುತ್ತೇನೆ.

ಪ್ರತಿಕ್ರಿಯೆ (ಇಳಕಲ್‌ನಿಂದ):
ಹಾಕಿದೆ ಸರ್. ಮೊದಲ ಸಲ ಕೂಗಿತು. ನೀವು ಹೇಳಿದ ಹಾಗೇ ಲಾಕ್ ಇಲ್ಲದ ಕಡೆ ಮೇಲೆ ಇತ್ತು, ಒತ್ತಿದೆ, ಆನ್ ಆಯಿತು. 16 ಜಿಬಿ, 2133. ಅಳಿಯನಿಗೂ ಲಾಳಿ ಲೆಕ್ಕ ಹೇಳಿದೆ.