ಫೋನಿನಲ್ಲಿ ತೆಗೆದ ದೊಡ್ಡಾಟ ಡಿವಿಡಿ ಪ್ಲೇಯರ್‌ನಲ್ಲಿ ಓಡುತ್ತಿಲ್ಲ

ಪ್ರಶ್ನೆ: ಕೊಪ್ಪಳದಿಂದ

ಎಲ್ಲರಿಗೂ ನಮಸ್ಕಾರ. ನಮ್ಮೂರ ಜಾತ್ರೆಯಲ್ಲಿ ದೊಡ್ಡಾಟ ಇತ್ತು. ಫೋನನ್ನು ಸ್ಟ್ಯಾಂಡಿಗೆ ಕಟ್ಟಿ ರಾತ್ರಿ ಪೂರ್ತಿ ಕೂತು ತೆಗೆದಿದ್ದೇನೆ, ನಾಲ್ಕೂವರೆ ಗಂಟೆ ಇದೆ. ನಮ್ಮಪ್ಪ ಇದೇ ಮೇಳದಲ್ಲಿ ಮದ್ದಳೆ ಬಾರಿಸಿದವರು. ಈಗ ಮಂಡಿ ನೋವು, ಆಟಕ್ಕೆ ಬರಲು ಆಗಲಿಲ್ಲ. ಫೋನಿನ ಪರದೆ ಅವರ ಕಣ್ಣಿಗೆ ಹತ್ತುವುದಿಲ್ಲ. ಮನೆಯಲ್ಲಿ ಹಳೇ ದಪ್ಪ ಟಿವಿ, ಡಿವಿಡಿ ಪ್ಲೇಯರ್ ಇವೆ. ಪ್ಲೇಯರ್‌ಗೆ ಪೆನ್‌ಡ್ರೈವ್ ಹಾಕುವ ಜಾಗ ಇಲ್ಲ.

ಮೊದಲ ಭಾಗದ ಎಂಪಿ4 ಫೈಲನ್ನು ಡಿಸ್ಕಿಗೆ ಕಾಪಿ ಮಾಡಿದೆ. ಕಂಪ್ಯೂಟರ್‌ನಲ್ಲಿ ಚೆನ್ನಾಗಿ ಓಡುತ್ತದೆ. ಪ್ಲೇಯರ್‌ಗೆ ಹಾಕಿದರೆ ಸ್ವಲ್ಪ ಹೊತ್ತು ಗರಗರ ತಿರುಗಿ, ಡಿಸ್ಕೇ ಇಲ್ಲ ಅಂತ ತೋರಿಸುತ್ತದೆ. ಎರಡು ಡಿಸ್ಕ್ ಹಾಳಾದವು. ದಯವಿಟ್ಟು ದಾರಿ ಹೇಳಿ.

ಉತ್ತರ: ಬಳ್ಳಾರಿಯಿಂದ

ತಮ್ಮಾ, ನಿಮ್ಮ ಪ್ಲೇಯರ್ ಕೆಟ್ಟಿಲ್ಲ, ಡಿಸ್ಕೂ ಕೆಟ್ಟಿಲ್ಲ. ನಾನು ಬಳ್ಳಾರಿಯಲ್ಲಿ ಬಹಳ ವರ್ಷ ಮದುವೆ ಡಿಸ್ಕ್ ಮಾಡಿದವನು. ಈ ತೊಂದರೆ ವಾರಕ್ಕೊಂದು ಸಲ ಬರುತ್ತಿತ್ತು.

ಫೋನಿನ ವಿಡಿಯೊ ಎಚ್.264 ಅಥವಾ ಎಚ್.265ನಲ್ಲಿ ಇರುತ್ತದೆ, ಇವು ವಿಡಿಯೊವನ್ನು ಕುಗ್ಗಿಸಿಡುವ ರೀತಿಗಳು. ಹಳೇ ಪ್ಲೇಯರ್‌ಗೆ ಗೊತ್ತಿರುವುದು ಎಂಪೆಗ್-2 ಅನ್ನೋ ಹಳೇ ರೀತಿ. ಅದೂ ಪಾಲ್ (ನಮ್ಮ ದೇಶದ ಹಳೇ ಟಿವಿ ಪದ್ಧತಿ) ಆದರೆ 720 x 576 ಅಳತೆ, ಸೆಕೆಂಡಿಗೆ 25 ಫ್ರೇಮ್ (ಬಿಡಿ ಚಿತ್ರ), ಆಡಿಯೊ 48 ಕಿಲೊಹರ್ಟ್ಸ್. ಅಷ್ಟೇ ಅಲ್ಲ, ಡಿಸ್ಕಿನಲ್ಲಿ ವಿಡಿಯೊ_ಟಿಎಸ್ ಅನ್ನೋ ಫೋಲ್ಡರ್ ಇರಬೇಕು, ಅದರೊಳಗೆ ಐಎಫ್ಒ, ವಿಒಬಿ ಫೈಲ್‌ಗಳು ಇರಬೇಕು. ಪ್ಲೇಯರ್ ಮೊದಲು ಹುಡುಕುವುದೇ ಅದನ್ನು. ಸುಮ್ನೆ ಫೈಲ್ ಕಾಪಿ ಮಾಡಿದರೆ ಅದು ಡೇಟಾ ಡಿಸ್ಕ್, ಸಿನಿಮಾ ಡಿಸ್ಕ್ ಅಲ್ಲ.

ಡಿವಿಡಿಸ್ಟೈಲರ್ ಅಂತ ಉಚಿತ ಸಾಫ್ಟ್‌ವೇರ್ ಇದೆ. ಹೊಸ ಪ್ರಾಜೆಕ್ಟ್ ತೆರೆಯುವಾಗಲೇ ಪಾಲ್ ಆರಿಸಿ. ಎನ್‌ಟಿಎಸ್‌ಸಿ ಅಂದರೆ ಅಮೆರಿಕದ ಪದ್ಧತಿ, ಅದನ್ನು ಆರಿಸಿದರೆ ಕೆಲವು ದಪ್ಪ ಟಿವಿಗಳಲ್ಲಿ ಬಣ್ಣ ಹೋಗಿ ಕಪ್ಪು-ಬಿಳುಪು ಬರುತ್ತದೆ. ವಿಡಿಯೊ ಎಳೆದು ಹಾಕಿ, ನೇರವಾಗಿ ಡಿಸ್ಕಿಗೆ ಬರ್ನ್ ಮಾಡದೆ ಮೊದಲು ಐಎಸ್ಒ ಇಮೇಜ್, ಅಂದರೆ ಇಡೀ ಡಿಸ್ಕಿನ ಪಡಿಯಚ್ಚಿನ ಫೈಲ್, ಮಾಡಿ. ಅದನ್ನು ಕಂಪ್ಯೂಟರ್‌ನಲ್ಲಿ ವಿಡಿಯೊ ನೋಡುವ ವಿಎಲ್‌ಸಿಯಲ್ಲಿ ತೆರೆದು ನೋಡಿ. ಸರಿ ಇದ್ದರೆ ಮಾತ್ರ ಡಿಸ್ಕ್ ಮುಟ್ಟಿ.

ಒಂದು ಮಾತು. ನಾಲ್ಕೂವರೆ ಗಂಟೆಯನ್ನು ಒಂದೇ ಡಿಸ್ಕಿಗೆ ತುರುಕಬೇಡಿ. 4.7 ಜಿಬಿ ಡಿಸ್ಕನ್ನು ಕಂಪ್ಯೂಟರ್ 4.37 ಅಂತ ತೋರಿಸುತ್ತದೆ, ಗಾಬರಿ ಬೇಡ, ಎಣಿಸುವ ರೀತಿ ಬೇರೆ ಅಷ್ಟೆ. ಅದರಲ್ಲಿ ಒಂದೂವರೆ ಗಂಟೆ ಹಾಕಿದರೆ ಪ್ರತಿ ಸೆಕೆಂಡಿನ ವಿಡಿಯೊಗೆ ಆರೂವರೆ ಮೆಗಾಬಿಟ್ ಹತ್ತಿರ ಜಾಗ ಸಿಗುತ್ತದೆ, ಕಿರೀಟದ ಮಣಿ ಕೂಡ ಬಿಡಿಬಿಡಿಯಾಗಿ ಕಾಣುತ್ತದೆ. ಪೂರ್ತಿ ತುರುಕಿದರೆ ಎರಡು ಮೆಗಾಬಿಟ್ ಸಿಕ್ಕರೆ ಹೆಚ್ಚು. ಕುಣಿತ ಜೋರಾದಾಗ ಮುಖವೆಲ್ಲ ಚೌಕ ಚೌಕ ಒಡೆಯುತ್ತದೆ. ಮೂರು ಡಿಸ್ಕ್ ಮಾಡಿ. ಪಾತ್ರ ಒಳಗೆ ಹೋದ ಜಾಗದಲ್ಲಿ ಕತ್ತರಿಸಿ, ಹಾಡಿನ ನಡುವೆ ಬೇಡ.

ಮತ್ತೆ ಪ್ರಶ್ನೆ: ಕೊಪ್ಪಳದಿಂದ

ಅಣ್ಣಾ, ತುಂಬಾ ಉಪಕಾರ ಆಯಿತು. ಪ್ಲೇಯರ್‌ನಲ್ಲಿ ಓಡಿತು! ಆದರೆ ಹೊಸ ತೊಂದರೆ. ಶುರುವಿನಲ್ಲಿ ಎಲ್ಲ ಸರಿ. ಅರ್ಧ ಗಂಟೆ ಆದಮೇಲೆ ಸದ್ದು ಹಿಂದೆ ಬೀಳುತ್ತದೆ. ಕಾಲು ಹಲಗೆಗೆ ಬಿದ್ದು, ಎದ್ದ ಮೇಲೆ ಗೆಜ್ಜೆ ಕೇಳುತ್ತದೆ. ಅಪ್ಪ ಆ ಭಾಗವನ್ನು ಐದೇ ನಿಮಿಷ ನೋಡಿ, "ಮದ್ದಳೆಯವನು ತಾಳ ತಪ್ಪಿದ್ದಾನೆ" ಅಂದರು. ಪಾಪ, ಆ ಹುಡುಗ ಒಂದು ಪೆಟ್ಟೂ ತಪ್ಪಿರಲಿಲ್ಲ. ನನಗೆ ತುಂಬಾ ಬೇಜಾರಾಯಿತು.

ಉತ್ತರ: ರಾಯಚೂರಿನಿಂದ

ಇದು ಫೋನ್ ವಿಡಿಯೊದ ಗುಣ. ಬೆಳಕು ಕಡಿಮೆಯಾದಾಗ ಫೋನ್ ತಾನಾಗಿ ಫ್ರೇಮ್ ಕಡಿಮೆ ತೆಗೆಯುತ್ತದೆ. ಸೆಕೆಂಡಿಗೆ 30 ಇದ್ದದ್ದು 24ಕ್ಕೋ 20ಕ್ಕೋ ಇಳಿಯುತ್ತದೆ. ರಾತ್ರಿ ಆಟದಲ್ಲಿ ಇದು ಜಾಸ್ತಿ. ಡಿವಿಡಿಗೆ ಒಂದೇ ಸಮನೆ 25 ಬೇಕು. ಬದಲಿಸುವಾಗ ಲೆಕ್ಕ ತಪ್ಪಿದರೆ ಚಿತ್ರ, ಸದ್ದು ಬೇರೆ ಬೇರೆ ದಾರಿ ಹಿಡಿಯುತ್ತವೆ. ಫೈಲಿನ ವಿವರ ತೋರಿಸುವ ಮೀಡಿಯಾಇನ್ಫೋ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆಯಿರಿ. ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ (ಏರುಪೇರಾಗುವ) ಅಂತ ಇದ್ದರೆ ಕಾರಣ ಇದೇ.

ಮೊದಲು ವಿಡಿಯೊ ಬದಲಿಸುವ ಹ್ಯಾಂಡ್‌ಬ್ರೇಕ್ ಸಾಫ್ಟ್‌ವೇರ್‌ನಲ್ಲಿ ವಿಡಿಯೊ ಟ್ಯಾಬ್‌ಗೆ ಹೋಗಿ. ಫ್ರೇಮ್‌ರೇಟ್ 25, ಪಕ್ಕದಲ್ಲಿ ಕಾನ್ಸ್ಟಂಟ್ (ಒಂದೇ ಸಮನೆ) ಆರಿಸಿ. ಆಡಿಯೊ 48 ಕಿಲೊಹರ್ಟ್ಸ್ ಮಾಡಿ. ಹೊರಬಂದ ಫೈಲನ್ನು ಡಿವಿಡಿಸ್ಟೈಲರ್‌ಗೆ ಕೊಡಿ. ಫ್ರೇಮ್ ಬಿಟ್ಟುಹೋಗುವುದರಿಂದ ಕುಣಿತ ಒಂಚೂರು ತಡವರಿಸಿದ ಹಾಗೆ ಕಾಣಬಹುದು. ತಾಳ ಮಾತ್ರ ಕೂಡುತ್ತದೆ, ಅದೇ ಮುಖ್ಯ ಅಲ್ವಾ?

ಪರೀಕ್ಷೆ ಮಾಡುವಾಗ ಕೊನೆಯ ಹತ್ತು ನಿಮಿಷ ನೋಡಿ. ಶುರು ನೋಡಿದರೆ ಏನೂ ಗೊತ್ತಾಗುವುದಿಲ್ಲ.

ಉತ್ತರ: ಬಳ್ಳಾರಿಯಿಂದ

ರಾಯಚೂರಿನವರು ಹೇಳಿದ್ದು ಸರಿ. ನಮ್ಮ ಕಾಲದ ಕ್ಯಾಮೆರಾಗಳಲ್ಲಿ ಈ ಕಾಟ ಇರಲಿಲ್ಲ, ಅದಕ್ಕೇ ನನಗೆ ಹೊಳೆಯಲಿಲ್ಲ. ಡಿಸ್ಕ್ ಡಿವಿಡಿ-ಆರ್ (ಒಂದೇ ಸಲ ಬರೆಯುವಂಥದ್ದು) ತಗೊಳ್ಳಿ, ಹಳೇ ಪ್ಲೇಯರ್‌ಗಳು ಅದನ್ನು ಬೇಗ ಓದುತ್ತವೆ. ಅಳಿಸಿ ಬರೆಯುವ ಆರ್‌ಡಬ್ಲ್ಯು ಬೇಡ, ಅದರ ಹೊಳಪು ಕಡಿಮೆ, ಸವೆದ ಲೆನ್ಸಿಗೆ ಓದುವುದು ಕಷ್ಟ. ಬರ್ನ್ ಮಾಡುವ ವೇಗ 4ಎಕ್ಸ್ ಇಡಿ. ಫೈನಲೈಸ್ ಆಗುವ ತನಕ, ಅಂದರೆ ಬರ್ನ್‌ನ ಕೊನೇ ಹಂತ ಮುಗಿಯುವ ತನಕ, ತೆಗೆಯಬೇಡಿ. ನಮ್ಮ ಕಡೆ ಬಿಸಿಲು ಗೊತ್ತಲ್ಲ, ಡಿಸ್ಕನ್ನು ಕಾರಿನಲ್ಲೋ ಕಿಟಕಿ ಹತ್ತಿರವೋ ಬಿಡಬೇಡಿ.

ಕೊಪ್ಪಳದಿಂದ

ಆಯಿತು! ವೇರಿಯಬಲ್ ಅಂತಲೇ ಇತ್ತು. ಮೊದಲ ಡಿಸ್ಕ್ ಕೊನೆಯ ತನಕ ಕೂತು ನೋಡಿದೆ, ಗೆಜ್ಜೆ ಹೆಜ್ಜೆಗೇ ಬೀಳುತ್ತದೆ. ಅಪ್ಪ ಮಂಚದ ಅಂಚಿನ ಮೇಲೆ ಬೆರಳಲ್ಲಿ ಮದ್ದಳೆ ಬಾರಿಸುತ್ತಾ ನೋಡಿದರು. ಆ ಹುಡುಗನ ಕೈ ಚಲೋ ಇದೆ, ಮನೆಗೆ ಕರಿ ಅಂದಿದ್ದಾರೆ. ಮೂರನೇ ಡಿಸ್ಕ್ ಈಗ ಬರ್ನ್ ಆಗುತ್ತಿದೆ. ಐಎಸ್ಒ ಫೈಲ್ ಅಳಿಸಿಲ್ಲ, ಅವನಿಗೂ ಒಂದು ಸೆಟ್ ಮಾಡಿ ಕೊಡುತ್ತೇನೆ.